ಗೂಡು ಶಬ್ದದ ಚೀಟಿಗಳು

ಮಾರ್ಚ್ 3, ಮಂಗಳವಾರ

ಕಚೇರಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಎರಡು ತಿಂಗಳು ಚೀಲದ ತಳದಲ್ಲಿ ಬಿದ್ದಿತ್ತು. ಇವತ್ತು ಯಾರ ಹತ್ತಿರವೂ ಮಾತಾಡಲು ಮನಸ್ಸಿಲ್ಲ, ಅದಕ್ಕೆ ತೆರೆದಿದ್ದೇನೆ.

ಮಗಳಿಗೆ ನಿನ್ನೆ ಮಧ್ಯಾಹ್ನ ಹೆರಿಗೆಯಾಯಿತು. ಆಗಬೇಕಾದದ್ದು ಮೇ ಕೊನೆಗೆ. ರಕ್ತದೊತ್ತಡ ಏರಿತೆಂದು ಹೊಟ್ಟೆ ಕುಯ್ದು ತೆಗೆದರು. ಹೆಣ್ಣು. ಒಂಬೈನೂರ ಇಪ್ಪತ್ತು ಗ್ರಾಂ. ನಮ್ಮ ಕಚೇರಿಯಲ್ಲಿ ಸಿದ್ಧವಾಗುವ ನಿಘಂಟಿನ ಮೊದಲ ಸಂಪುಟ ಇದರ ಮೂರು ಪಟ್ಟು ತೂಗುತ್ತದೆ.

ಗಾಜಿನಾಚೆಯಿಂದ ನೋಡಿದೆ. ಪೆಟ್ಟಿಗೆಯೊಳಗೆ ಕೆಂಪಗೆ, ಮೂಗಿಗೆ ಕೊಳವೆ, ಪಾದ ನನ್ನ ಹೆಬ್ಬೆರಳಿನಷ್ಟು. ಅದು ಅಳಲಿಲ್ಲ. ಈ ವಾರ್ಡಿನಲ್ಲಿ ಮಕ್ಕಳಿಗೆ ಹೆಸರಿಲ್ಲ, ಹುಟ್ಟಿದಾಗಿನ ತೂಕವೇ ಹೆಸರು. ಕಿಟಕಿಯ ಪಕ್ಕದ್ದು ಸಾವಿರದಿನ್ನೂರು, ಬಾಗಿಲ ಪಕ್ಕದ್ದು ಸಾವಿರದೈವತ್ತು. ನಮ್ಮದಕ್ಕೆ ಆಗಲೇ ಒಂಬೈನೂರಮ್ಮ ಎಂದು ಇಟ್ಟಾಯಿತು. ಇಟ್ಟವಳು ಇಲ್ಲಿನ ಹಿರಿಯ ನರ್ಸ್. ದಪ್ಪ ಕನ್ನಡಕ, ಗಟ್ಟಿ ಗಂಟಲು.

"ಅಜ್ಜಿ, ಗಾಜಿಗೆ ಮೂಗು ಒತ್ತಬೇಡಿ. ಆಮೇಲೆ ಒರೆಸೋರು ನಾವೇ" ಎಂದಳು.

ನನಗೆ ಐವತ್ತಾರು. ಬಸ್ಸಿನಲ್ಲಿ ಇವತ್ತಿಗೂ ಯಾರೂ ಎದ್ದು ಸೀಟು ಕೊಟ್ಟಿಲ್ಲ. ಅಜ್ಜಿಯಂತೆ.

ಮಾರ್ಚ್ 4, ಬುಧವಾರ

ನನಗೆ ಸಿಕ್ಕಿರುವುದು ಎರಡನೇ ಮಹಡಿಯ ಬೆಂಚು, ಮಕ್ಕಳ ವಾರ್ಡಿನ ಎದುರು. ಮಗಳು ನಾಲ್ಕನೇ ಮಹಡಿಯಲ್ಲಿ. ಅವಳಿಗೆ ಜ್ವರ, ಹೊಲಿಗೆ ಹಾಕಿದಲ್ಲಿ ನೋವು. ಜ್ವರ ಬಿಡುವ ತನಕ ಮಗುವಿನ ಹತ್ತಿರ ಬಿಡುವುದಿಲ್ಲವಂತೆ. ಅಳಿಯ ಅವಳ ಹಾಲನ್ನು ಪುಟ್ಟ ಬಾಟಲಿಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದು ಕೊಡುತ್ತಾನೆ. ಅವನ ಕೆಲಸವೇ ಲಿಫ್ಟ್ ರಿಪೇರಿ. "ಲಿಫ್ಟ್ ಇದೆಯಲ್ಲಪ್ಪ" ಎಂದರೆ, "ಅದರೊಳಗೆ ಏನೇನಿರುತ್ತೆ ಅಂತ ನಂಗೊತ್ತಲ್ಲ ಅತ್ತೆ" ಎನ್ನುತ್ತಾನೆ. ನಗು ಬಂತು. ಅವನಿಗೂ ಬಂತು, ಅರ್ಧಕ್ಕೇ ನಿಂತುಹೋಯಿತು.

ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆಂದು ಕೆಲಸ ತೆಗೆದೆ. ಗಕಾರದ ಸಂಪುಟ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು. "ಗೂಡು" ನನ್ನ ಪಾಲಿಗೆ ಬಂದಿದೆ. ಇನ್ನೂರ ಹನ್ನೆರಡು ಚೀಟಿ, ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದೇನೆ. ನಮ್ಮ ಕಚೇರಿಯ ಕಟ್ಟಳೆ ಹಳೆಯದು: ಯಾರ ಬಾಯಲ್ಲಾದರೂ ಒಂದು ಶಬ್ದ ಕೇಳಿದರೆ ಚೀಟಿಯ ಮೇಲ್ಗಡೆ ಶಬ್ದ, ನಡುವೆ ಪೂರ್ತಿ ವಾಕ್ಯ, ಕೆಳಗೆ ಹೇಳಿದವರು, ಜಾಗ, ತಾರೀಖು. ಮೂರು ಜನರಿಂದ ಮೂರು ಚೀಟಿ ಸಿಗದೆ ಯಾವ ಅರ್ಥಕ್ಕೂ ನಿಘಂಟಿನೊಳಗೆ ಪ್ರವೇಶವಿಲ್ಲ.

ಬೆಂಚಿನ ಮೇಲೆ ಹರಡಿ ವಿಂಗಡಿಸಿದೆ. ಜೇನಿನದು, ಇರುವೆಯದು, ಕೋಳಿಯದು ಒಂದು ಕಡೆ. ಗೋಡೆಯಲ್ಲಿ ದೀಪ ಇಡುವ ಗೂಡು ಇನ್ನೊಂದು ಕಡೆ. ಗೂಡಂಗಡಿ. ಎದೆಗೂಡು. ಕಣ್ಣು ಗೂಡು ಸೇರುವುದು; ಇದಕ್ಕೆ ಇವತ್ತು ನನ್ನ ಮುಖವನ್ನೇ ತೋರಿಸಬಹುದು.

ಹಕ್ಕಿಯ ಗೂಡಿಗೆ ಸಂಪಾದಕರು ಬರೆದಿಟ್ಟಿರುವ ಅರ್ಥ: "ಹಕ್ಕಿಗಳು ತಂಗುವ ಸ್ಥಳ." ಇದು ತಪ್ಪು ಎಂದು ಹತ್ತು ವರ್ಷದಿಂದ ಜಗಳವಾಡುತ್ತಿದ್ದೇನೆ. ಹೆಚ್ಚಿನ ಹಕ್ಕಿಗಳು ತಂಗುವುದು ಕೊಂಬೆಯ ಮೇಲೆ. ಗೂಡು ಮೊಟ್ಟೆಗೆ, ಮರಿಗೆ. ಮರಿ ಹಾರಿದ ಮೇಲೆ ಅದು ಬರೀ ಕಸಕಡ್ಡಿ. ಅವರು, "ಸಂಜೆಯಾದ್ರೆ ಹಕ್ಕಿ ಗೂಡು ಸೇರುತ್ತೆ ಅಂತ ಊರೆಲ್ಲ ಹೇಳುತ್ತಲ್ರೀ" ಎನ್ನುತ್ತಾರೆ. ಊರಿಗೇನು, ಮರ ಹತ್ತಿ ನೋಡಿದೆಯೇ? ಈ ಸಲ ಬಿಡುವುದಿಲ್ಲ.

ಮಾರ್ಚ್ 6, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮಗಳ ಜ್ವರ ಸ್ವಲ್ಪ ಇಳಿದಿತ್ತು. ಗಾಜಿನಾಚೆಯಿಂದ ಮಾತ್ರ ನೋಡಲಿ ಎಂದು ಗಾಲಿಕುರ್ಚಿಯಲ್ಲಿ ಕರೆತಂದರು. ಅವಳು ಮಗುವನ್ನು ನೋಡಿದ್ದು ಅದೇ ಮೊದಲು. ಪೆಟ್ಟಿಗೆಯೊಳಗೆ ಮಗುವಿನ ಸುತ್ತ ಮೆತ್ತನೆಯ ಬಟ್ಟೆಯನ್ನು ಸುರುಳಿ ಸುತ್ತಿ ಇಟ್ಟಿದ್ದರು. ಏನದು ಎಂದು ಮಗಳು ಕೇಳಿದಳು.

"ಅದಕ್ಕೆ ನಾವು ಗೂಡು ಅಂತೀವಮ್ಮ" ಎಂದಳು ಹಿರಿಯ ನರ್ಸ್. "ಹೊಟ್ಟೇಲಿ ಮುದುರಿಕೊಂಡಿರಬೇಕಾದ ಮಗು, ಹೊರಗೆ ಬಂದು ಕೈಕಾಲು ಚೆಲ್ಲಿಬಿಡುತ್ತೆ. ಸುತ್ತ ಗೂಡು ಕಟ್ಟಿದ್ರೆ ಅದಕ್ಕೆ ಆನಿಕೊಂಡು ಮಲಗುತ್ತೆ. ನೋಡಮ್ಮ, ಮುಚ್ಚಿಡೋದಿಲ್ಲ. ಬೆಳಿಗ್ಗೆ ಎರಡು ಸಲ ಉಸಿರು ನಿಲ್ಲಿಸಿಬಿಟ್ಲು. ಬೆನ್ನು ಸವರಿ ಎಬ್ಬಿಸಿದ್ವಿ. ಇನ್ನೂ ಹೀಗಾಗಬಹುದು. ನೀನು ಗಟ್ಟಿಯಾಗಿರಬೇಕು."

ಇನ್ನೂರ ಹನ್ನೆರಡು ಚೀಟಿಯಲ್ಲಿ ಈ ಅರ್ಥ ಇರಲಿಲ್ಲ. ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು, ಮೂವತ್ತೊಂದು ವರ್ಷದ ರೂಢಿ. ಮೇಲೆ ಶಬ್ದ ಬರೆದೆ. ನಡುವೆ "ಸುತ್ತ ಗೂಡು ಕಟ್ಟಿದ್ರೆ ಅದಕ್ಕೆ ಆನಿಕೊಂಡು ಮಲಗುತ್ತೆ." ಹೇಳಿದವರು, ಹಿರಿಯ ನರ್ಸ್. ತಾರೀಖು ಹಾಕಿ ತಲೆಯೆತ್ತಿದರೆ ಮಗಳು ಗಾಜಿನ ಕಡೆ ನೋಡುತ್ತಿರಲಿಲ್ಲ. ನನ್ನ ಪೆನ್ನನ್ನು ನೋಡುತ್ತಿದ್ದಳು.

"ಬರ್ಕೊಂಡ್ಯಾ?" ಎಂದಳು.

ನಾನು ಚೀಟಿಯನ್ನು ಮುಚ್ಚಿಕೊಂಡೆ.

"ಅಪ್ಪ ಹೋದ ದಿನಾನೂ ನಿನ್ನ ಕೈಲಿ ಇದೇ ಇತ್ತು. ಕಲ್ಲು ಅನ್ನೋ ಶಬ್ದದಲ್ಲಿ ಅಪ್ಪ ಒಂಬತ್ತನೇ ಅರ್ಥ. ನನ್ನ ಮಗು ಗೂಡಲ್ಲಿ ಎಷ್ಟನೇದಮ್ಮ?"

ಅವಳು ನರ್ಸ್ ಕಡೆ ತಿರುಗಿ, "ಇವರು ಇಲ್ಲಿ ಬರೋದು ಬೇಡ ಸಿಸ್ಟರ್" ಎಂದಳು. ಇವರು ಎಂದಳು, ನನ್ನನ್ನು.

ಮಾರ್ಚ್ 7, ಶನಿವಾರ

ನನ್ನ ತಪ್ಪೇನು? ಸೌದೆ ಒಡೆಯುವವನ ಕೈ ಕೊಡಲಿ ಹಿಡಿಯುತ್ತದೆ, ನನ್ನ ಕೈ ಪೆನ್ನು. ಶಬ್ದ ಬಾಯಿಂದ ಬಿದ್ದ ಗಳಿಗೆಯಲ್ಲೇ ಹಿಡಿಯಬೇಕು, ಆಮೇಲೆ ಬರೆದದ್ದು ಮಾತಾಗಿ ಉಳಿಯುವುದಿಲ್ಲ. ಇದನ್ನು ಅವಳಿಗೆ ಎಂಟು ವರ್ಷವಿದ್ದಾಗಲೇ ಹೇಳಿಕೊಟ್ಟಿದ್ದೆ. ರಜೆಯಲ್ಲಿ ಕಚೇರಿಗೆ ಬಂದು ನೆಲದ ಮೇಲೆ ಕೂತು ಚೀಟಿ ಜೋಡಿಸುತ್ತಿದ್ದಳು. ತಾರೀಖಿಲ್ಲದ ಚೀಟಿ ಸಿಕ್ಕರೆ "ಇದು ನಡೆಯಲ್ಲಮ್ಮ" ಎಂದು ದೊಡ್ಡವರ ಹಾಗೆ ಪಕ್ಕಕ್ಕಿಡುತ್ತಿದ್ದಳು.

ಅವಳಿಗೆ ಜ್ವರದ ಸಿಟ್ಟು. ಎರಡು ದಿನದಲ್ಲಿ ಸರಿಹೋಗುತ್ತಾಳೆ.

ಮಾರ್ಚ್ 9, ಸೋಮವಾರ

ಸರಿಹೋಗಿಲ್ಲ.

ಈಗ ನನ್ನ ಬೆಂಚು ನೆಲಮಹಡಿಯಲ್ಲಿ, ಔಷಧಿ ಅಂಗಡಿಯ ಪಕ್ಕ. ಅಳಿಯ ದಿನಕ್ಕೆರಡು ಸಲ ಇಳಿದು ಬಂದು ಸುದ್ದಿ ಹೇಳುತ್ತಾನೆ. ಇವತ್ತು ಎಂಟುನೂರ ನಲವತ್ತು ಗ್ರಾಂ. ಮೊದಮೊದಲು ಇಳಿಯುವುದು ಸಹಜವಂತೆ. ಇರುವುದೇ ಒಂದು ಹಿಡಿ, ಅದರಲ್ಲಿ ಇಳಿಯಲು ಏನಿದೆ?

"ನನ್ನ ಬಗ್ಗೆ ಏನಾದರೂ ಕೇಳಿದಳಾ?" ಎಂದೆ.

"ಊಟ ಮಾಡಿದ್ರಾ ಅಂತ ಕೇಳಿದ್ಲು" ಎಂದ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ.

ಮಾರ್ಚ್ 11, ಬುಧವಾರ

ಮಗುವಿನ ರಕ್ತಕ್ಕೆ ನಂಜು ಏರಿದೆ. ಈಗ ಉಸಿರಾಟದ ಯಂತ್ರಕ್ಕೆ ಹಾಕಿದ್ದಾರೆ. ಡಾಕ್ಟರು ಮೂರು ದಿನ ಕಾಯಬೇಕು ಎಂದರಂತೆ. ಯಾವುದಕ್ಕೆ ಎಂದು ಅಳಿಯ ಕೇಳಲಿಲ್ಲವಂತೆ. ನಾನೂ ಅವನನ್ನು ಕೇಳಲಿಲ್ಲ.

ಮಾರ್ಚ್ 12, ಗುರುವಾರ

ಹರಕೆ ಹೊರುವ ಜಾತಿ ನನ್ನದಲ್ಲ. ಕೊಡುವುದು ತೆಗೆದುಕೊಳ್ಳುವುದು ಎಲ್ಲ ಆಕಾಶದ ಜೊತೆ ನಡೆಯುತ್ತದೆ ಎಂದು ನಂಬಿದವಳಲ್ಲ. ಆದರೂ ಇವತ್ತು ಆ ನರ್ಸಮ್ಮನ ಚೀಟಿಯನ್ನು ಹೊರತೆಗೆದು ನಾಲ್ಕು ಚೂರು ಮಾಡಿ ಔಷಧಿ ಅಂಗಡಿಯ ಕಸದ ಬುಟ್ಟಿಗೆ ಹಾಕಿದೆ. ಚೀಲದಲ್ಲಿದ್ದ ಖಾಲಿ ಚೀಟಿಗಳನ್ನೂ ಹಾಕಿದೆ. ಮೂವತ್ತೊಂದು ವರ್ಷದಲ್ಲಿ ಹರಿದ ಮೊದಲ ಚೀಟಿ.

ಅದರ ಬದಲಿಗೆ ಏನು ಬೇಕೆಂದು ಬಾಯಿಬಿಟ್ಟು ಹೇಳಲಿಲ್ಲ. ಕೇಳಿಸಿಕೊಳ್ಳುವವರು ಇದ್ದರೆ ಅವರಿಗೆ ತಿಳಿಯುತ್ತದೆ.

ಮಾರ್ಚ್ 13, ಶುಕ್ರವಾರ

ಏಳುನೂರ ತೊಂಬತ್ತು. ಇದೆ.

ಮಾರ್ಚ್ 14, ಶನಿವಾರ

ಇದೆ.

ಮಾರ್ಚ್ 16, ಸೋಮವಾರ

ನಂಜು ತಗ್ಗುತ್ತಿದೆಯಂತೆ. "ಅಂತೆ" ಎಂದೇ ಬರೆಯುತ್ತೇನೆ, ಗಟ್ಟಿಯಾಗಿ ಬರೆಯಲು ಹೆದರಿಕೆ.

ಮಧ್ಯಾಹ್ನ ಕಚೇರಿಗೆ ಹೋಗಿದ್ದೆ. ಸಂಪಾದಕರು ನನ್ನ ಮುಖ ನೋಡಿ ಗೂಡಿನ ವಿಷಯ ಎತ್ತಲಿಲ್ಲ, ಚಹಾ ತರಿಸಿದರು. ಅವರು ಆಚೆ ಹೋದಾಗ ನಾನು ಕಕಾರದ ಕಪಾಟಿಗೆ ಹೋಗಿ ಕಲ್ಲಿನ ಕಟ್ಟು ಬಿಚ್ಚಿದೆ. ಒಂಬತ್ತನೇ ಅರ್ಥ, ಮರಗಟ್ಟಿದ್ದು, ಸ್ಪರ್ಶಜ್ಞಾನ ಇಲ್ಲದ್ದು. "ಕಾಲು ಕಲ್ಲಾಗಿದೆ ಕಣೆ, ಸ್ವಲ್ಪ ಈ ಕಡೆ ಎಳಿ." ಹೇಳಿದವರು: ರೋಗಿ, ವಯಸ್ಸು ಐವತ್ತು. ಜಾಗ: ಮನೆ. ತಾರೀಖು.

ಗಂಡನ ಹೆಸರು ಬರೆಯಲು ಆಗದೆ "ರೋಗಿ" ಎಂದು ಬರೆದಿದ್ದೆ. ನನ್ನ ಅಕ್ಷರ ಮುತ್ತು ಪೋಣಿಸಿದಂತೆ ಎಂದು ಕಚೇರಿಯಲ್ಲಿ ಹೊಗಳುತ್ತಾರೆ. ಆ ಚೀಟಿಯಲ್ಲೂ ಹಾಗೇ ಇದೆ. ಒಂದು ಅಕ್ಷರವೂ ಓರೆಯಾಗಿಲ್ಲ. ಅವರು ಕಾಲು ಎಳೆಯಲು ಹೇಳಿದ್ದರು, ನಾನು ಬರೆಯುತ್ತಿದ್ದೆ. ಬರೆದು ಮುಗಿಸಿ ಕಾಲು ಎಳೆದೆ. ಇದನ್ನು ಯಾರಿಗೂ ಹೇಳಿಲ್ಲ. ಬಾಗಿಲಲ್ಲಿ ನಿಂತಿದ್ದ ಹದಿನೆಂಟರ ಮಗಳು ನೋಡಿದ್ದಳು ಎಂದು ನನಗೆ ಗೊತ್ತಿರಲಿಲ್ಲ.

ಶಬ್ದಕ್ಕಾಗಿ ಬರೆದೆ ಎಂದು ಇಷ್ಟು ದಿನ ನಂಬಿದ್ದೆ. ಪೆನ್ನು ನಿಲ್ಲಿಸಿದರೆ ಅವರ ಮುಖ ನೋಡಬೇಕಾಗುತ್ತಿತ್ತು. ನನಗೆ ಅಷ್ಟು ಧೈರ್ಯ ಇರಲಿಲ್ಲ.

ಮಾರ್ಚ್ 22, ಭಾನುವಾರ

ಯಂತ್ರ ತೆಗೆದರು. ಈಗ ಮೂಗಿನ ಕೊಳವೆ ಮಾತ್ರ. ಎಂಟುನೂರ ಎಪ್ಪತ್ತು.

ಬೆಳಿಗ್ಗೆ ಹಿರಿಯ ನರ್ಸ್ ತಾನೇ ನೆಲಮಹಡಿಗೆ ಇಳಿದು ಬಂದಳು. ನಾನು ಎದ್ದು ನಿಂತೆ.

"ಗಾಬರಿಯಾಗಬೇಡಿ" ಎಂದಳು. "ಮಗುವನ್ನ ದಿನಾ ಒಂದೆರಡು ಗಂಟೆ ಯಾರಾದ್ರೂ ಬರಿ ಎದೆಗೆ ಒತ್ತಿಕೊಂಡು ಕೂರಬೇಕು. ಮೈ ಬಿಸಿ ತಾಗಿದ್ರೆ ಉಸಿರು ಸರಿಯಾಗಿ ಬರುತ್ತೆ, ತೂಕ ಏರುತ್ತೆ. ತಾಯಿ ಹೊಲಿಗೆ ಮತ್ತೆ ಕೀವಾಗಿದೆ, ಜ್ವರ ಬಿಟ್ಟಿಲ್ಲ. ಅಪ್ಪನಿಗೆ ಕೆಮ್ಮು. ಉಳಿದಿರೋರು ನೀವು."

"ನಾನು ಬರಬಾರದು ಅಂತ ಹೇಳಿದ್ದಾಳಲ್ಲ."

"ಅಳಿಯನ ಕೈಲಿ ಕೇಳಿಸಿ" ಎಂದಳು.

ಅಳಿಯ ಕೆಮ್ಮುತ್ತಲೇ ನಾಲ್ಕು ಮಹಡಿ ಹತ್ತಿ ಹೋದ. ಇಳಿದು ಬರುವಷ್ಟರಲ್ಲಿ ನನಗೆ ಎರಡು ಸಲ ಬಾಯಾರಿತು. ಅವನು ನನ್ನನ್ನು ನೋಡದೆ, ಒಪ್ಪಿಸುವ ಪಾಠದ ಹಾಗೆ ಹೇಳಿದ: "ಬ್ಯಾಗು, ಪೆನ್ನು ಎರಡೂ ಹೊರಗಿಟ್ಟು ಹೋಗಬೇಕಂತೆ."

ಚೀಲವನ್ನು ಅವನ ಕೈಗೆ ಕೊಟ್ಟೆ.

ಮಾರ್ಚ್ 24, ಮಂಗಳವಾರ

ಉಗುರು ಕತ್ತರಿಸಿ, ಮೊಣಕೈವರೆಗೂ ಸೋಪಿನಲ್ಲಿ ತೊಳೆದು, ಉಂಗುರ ಬಳೆ ಬಿಚ್ಚಿಟ್ಟು, ಮುಂದೆ ತೆರೆದುಕೊಳ್ಳುವ ನಿಲುವಂಗಿ ಹಾಕಿ ಕೂರಬೇಕು. ಪರದೆಯ ಹಿಂದೆ ಒಂದು ಒರಗು ಕುರ್ಚಿ. ಮಗುವನ್ನು ಗೂಡಿನಿಂದ ಎತ್ತಿ ತಂದು ನನ್ನ ಎದೆಯ ಮೇಲೆ ಕವುಚಿ ಮಲಗಿಸಿ, ಬಟ್ಟೆಯಿಂದ ಇಬ್ಬರನ್ನೂ ಸೇರಿಸಿ ಕಟ್ಟುತ್ತಾರೆ. ಅಲ್ಲಾಡುವ ಹಾಗಿಲ್ಲ. ಎರಡೂ ಕೈ ಅವಳ ಮೇಲೆ.

ತೂಕವೇ ಗೊತ್ತಾಗುವುದಿಲ್ಲ. ಬಿಸಿ ಗೊತ್ತಾಗುತ್ತದೆ. ಉಸಿರು ನಾಲ್ಕು ಸಲ ಬೇಗ ಬೇಗ ಬರುತ್ತದೆ, ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆ ಗಳಿಗೆಯಲ್ಲಿ ನನ್ನದೂ ನಿಲ್ಲುತ್ತದೆ. ಬೆನ್ನನ್ನು ಬೆರಳ ತುದಿಯಲ್ಲಿ ಸವರಿದರೆ ಮತ್ತೆ ಬರುತ್ತದೆ. ಇವತ್ತು ಹನ್ನೊಂದು ಸಲ ಸವರಿದೆ.

ನರ್ಸಮ್ಮಂದಿರು ಓಡಾಡುತ್ತ ಏನೇನೋ ಮಾತಾಡಿಕೊಳ್ಳುತ್ತಾರೆ. ಒಳ್ಳೊಳ್ಳೆಯ ಶಬ್ದಗಳು ಕಿವಿಗೆ ಬಿದ್ದವು. ಹೊರಗೆ ಬರುವಷ್ಟರಲ್ಲಿ ಒಂದೂ ನೆನಪಿರಲಿಲ್ಲ.

ಮಾರ್ಚ್ 26, ಗುರುವಾರ

ಒಂಬೈನೂರ ಹತ್ತು. ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ ಕೂತೆ. ಬೆನ್ನು ಹಿಡಿದುಕೊಂಡಿದೆ.

ಅವಳು ನಿದ್ದೆಯಲ್ಲಿ ತುಟಿ ಚೂಪು ಮಾಡುತ್ತಾಳೆ. ಅವಳಜ್ಜ ಲೆಕ್ಕ ತಪ್ಪಿದಾಗ ಹೀಗೇ ಮಾಡುತ್ತಿದ್ದರು.

ಮಾರ್ಚ್ 28, ಶನಿವಾರ

ಸಂಪಾದಕರ ಫೋನು. "ಬೇಜಾರು ಮಾಡ್ಕೋಬೇಡಿ, ಪ್ರೆಸ್ಸಿನವರು ಕಾಯ್ತಿದ್ದಾರೆ. ಗೂಡಿಗೆ ನಿಮ್ಮ ತಿದ್ದುಪಡಿ ಬರಲಿಲ್ಲವಲ್ಲ. ಹಳೇ ಅರ್ಥವೇ ಇರಲಾ? ಹಕ್ಕಿಗಳು ತಂಗುವ ಸ್ಥಳ ಅಂತ?"

ಇರಲಿ ಎಂದೆ. ಅವರು ನನ್ನ ಆರೋಗ್ಯ ಹೇಗಿದೆ ಎಂದು ವಿಚಾರಿಸಿದರು. ಮಧ್ಯಾಹ್ನದ ಹೊತ್ತಾಗಿತ್ತು, ಕೈ ತೊಳೆಯಲು ಹೋಗಬೇಕಿತ್ತು, ಫೋನಿಟ್ಟೆ.

ಮಾರ್ಚ್ 31, ಮಂಗಳವಾರ

ಮಗಳ ಜ್ವರ ಬಿಟ್ಟು ಎರಡು ದಿನವಾಗಿತ್ತಂತೆ. ಡಾಕ್ಟರು ನಾಳೆಯಿಂದ ಮಗುವಿನ ಹತ್ತಿರ ಹೋಗಬಹುದು ಎಂದಿದ್ದರಂತೆ. ನಾಳೆಯ ತನಕ ಕಾಯುವ ತಾಳ್ಮೆ ಇವಳಿಗೆ ಎಲ್ಲಿಂದ ಬರಬೇಕು? ಗಂಡ ಊಟ ತರಲು ಹೋದದ್ದೇ ತಡ, ಯಾರಿಗೂ ಹೇಳದೆ ಗೋಡೆ ಹಿಡಿದುಕೊಂಡು ಎರಡು ಮಹಡಿ ಇಳಿದು ಬಂದಿದ್ದಾಳೆ.

ನಾನು ಹನ್ನೊಂದಕ್ಕೆ ಕೂತು ಒಂದಕ್ಕೆ ಏಳುತ್ತೇನೆ, ಆಮೇಲೆ ಮಗು ಪೆಟ್ಟಿಗೆಯಲ್ಲಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಇವತ್ತು ಇನ್ನೊಂದು ಮಗುವಿಗೆ ಏನೋ ಆಗಿ, ನನ್ನನ್ನು ಕೂರಿಸುವಾಗ ಗಂಟೆ ಒಂದಾಗಿತ್ತು. ಅವಳು ಗಾಜಿನ ಮುಂದೆ ಬಂದಾಗ ಪೆಟ್ಟಿಗೆ ತೆರೆದಿತ್ತು. ಒಳಗೆ ಬಟ್ಟೆಯ ಗೂಡು, ನಡುವೆ ಮಗು ಮಲಗಿದ್ದ ಗುಳಿ, ಅಷ್ಟೇ.

ನಾನು ಪರದೆಯ ಹಿಂದಿದ್ದೆ. ಏನೋ ಗಾಜಿಗೆ ಬಡಿದ ಸದ್ದಾಯಿತು. ಆಮೇಲೆ ಒಂದು ದನಿ ಬಂತು. ಅದು ಮಗಳ ದನಿಯೆಂದು ನನಗೆ ಗೊತ್ತಾಯಿತು, ಹಾಗೆ ಅವಳು ಹಿಂದೆಂದೂ ಕೂಗಿದ್ದು ಕೇಳಿಲ್ಲವಾದರೂ. ಏಳುವ ಹಾಗಿಲ್ಲ, ಮಗು ಎದೆಗೆ ಕಟ್ಟಿದೆ. ಪರದೆ ಸರಿಸಲು ಕೈ ಬಿಡುವ ಹಾಗಿಲ್ಲ.

"ಇಲ್ಲಿದ್ದಾಳೆ ಕಣೆ" ಎಂದೆ. "ನನ್ನ ಹತ್ತಿರ ಇದ್ದಾಳೆ. ಉಸಿರಾಡ್ತಿದ್ದಾಳೆ. ಇಲ್ಲಿದ್ದಾಳೆ ನೋಡೆ." ಎಷ್ಟು ಸಲ ಹೇಳಿದೆನೋ. ನರ್ಸಮ್ಮ ಓಡಿದಳು.

ಅವಳಿಗೆ ಕೈ ತೊಳೆಸಿ, ನಿಲುವಂಗಿ ಹಾಕಿ ಕರೆತಂದರು. ನೆಲಕ್ಕೆ ಕೂತು ನನ್ನ ಮಂಡಿಗೆ ಹಣೆ ಒತ್ತಿಕೊಂಡಳು. ನಾನು ಬಟ್ಟೆಯ ಅಂಚು ಸ್ವಲ್ಪ ಸರಿಸಿದೆ. ಅವಳು ಒಂದು ಬೆರಳು ತಂದು ಮಗುವಿನ ಬೆನ್ನಿನ ಮೇಲಿಟ್ಟಳು. ಅಷ್ಟರಲ್ಲಿ ಉಸಿರು ನಿಂತಿತು.

"ಅಮ್ಮಾ."

"ಸವರು" ಎಂದೆ. "ಮೆತ್ತಗೆ, ಮೇಲಿಂದ ಕೆಳಕ್ಕೆ."

ಸವರಿದಳು. ಬಂತು.

ಅವಳು ನನ್ನ ಮುಖ ನೋಡಿದಳು. ನಾನೂ ನೋಡಿದೆ, ಕಣ್ಣು ತಪ್ಪಿಸಲಿಲ್ಲ. "ಆವತ್ತು ಮೊದಲು ಅಪ್ಪನ ಕಾಲು ಎಳೆಯಬೇಕಿತ್ತು, ಬರೀಬಾರದಿತ್ತು" ಎಂದೆ. ಅವಳು ಬೆರಳು ತೆಗೆಯಲಿಲ್ಲ.

ಏಪ್ರಿಲ್ 2, ಗುರುವಾರ

ಸಾವಿರದ ಹತ್ತು. ವಾರ್ಡಿನಲ್ಲಿ ಹೆಸರು ಬದಲಾಗುವುದಿಲ್ಲ, ಒಂಬೈನೂರಮ್ಮ ಒಂಬೈನೂರಮ್ಮನೇ. "ಮದುವೆಗೆ ಕರೀರಿ, ಅಲ್ಲೂ ಹಾಗೇ ಕೂಗ್ತೀನಿ" ಎನ್ನುತ್ತಾಳೆ ಹಿರಿಯ ನರ್ಸ್. ಗಂಡಾಂತರ ಕಳೆದಿದೆ ಎಂದು ಡಾಕ್ಟರು ಹೇಳಿಲ್ಲ. ಈ ಬೆಳಿಗ್ಗೆಯೂ ಮಗು ಎರಡು ಸಲ ಉಸಿರು ನಿಲ್ಲಿಸಿದಳು.

ಹನ್ನೊಂದಕ್ಕೆ ಮಗಳು ಕೂತಳು, ಮೊದಲ ಸಲ. ನಾನು ಗಾಜಿನಾಚೆ ನಿಂತೆ. ಮೂಗು ಒತ್ತಿದೆ, ಯಾರೂ ಬಯ್ಯಲಿಲ್ಲ.

ಹೊರಗೆ ಬಂದವಳು ಮಡಿಚಿದ ಕಾಗದವೊಂದನ್ನು ನನ್ನ ಕೈಯಲ್ಲಿಟ್ಟಳು. ಔಷಧಿ ಚೀಟಿಯ ಬೆನ್ನಿನಲ್ಲಿ, ಎಂಟು ವರ್ಷದವಳಿದ್ದಾಗ ಕಲಿತ ಕ್ರಮದಲ್ಲೇ:

ಗೂಡು
"ಗೂಡು ಖಾಲಿ ಇತ್ತು. ಜೀವ ಹೋದಂಗಾಯ್ತು. ಅಮ್ಮನ ಹತ್ತಿರ ಮಲಗಿದ್ಲು."
ಹೇಳಿದವರು: ಮಗುವಿನ ತಾಯಿ. ಆಸ್ಪತ್ರೆ, ಎರಡನೇ ಮಹಡಿ.

"ನರ್ಸ್ ಹೇಳಿದ್ದು ಒಂದು, ಇದು ಎರಡು" ಎಂದಳು. "ಮೂರನೇದು ನಮ್ಮವರನ್ನ ಕೇಳು, ಲಿಫ್ಟ್ ಬಿಟ್ಟು ಬೇರೆ ಮಾತೂ ಬರುತ್ತೆ ಅವರಿಗೆ."

ಮೊದಲನೆಯದನ್ನು ಹರಿದುಹಾಕಿದ್ದೇನೆ ಎಂದು ಹೇಳಲಿಲ್ಲ. ಸಂಪುಟ ಅಚ್ಚಿಗೆ ಹೋಯಿತು ಎಂದೂ ಹೇಳಲಿಲ್ಲ. ತಾರೀಖು ಹಾಕಿಲ್ಲ ಎನ್ನುವುದನ್ನು ನೋಡಿದೆ, ಅದನ್ನೂ ಹೇಳಲಿಲ್ಲ. ಕಾಗದವನ್ನು ಈ ಡೈರಿಯೊಳಗೆ ಇಟ್ಟುಕೊಂಡೆ.

ವಾರ್ಡಿನ ಬಾಗಿಲಲ್ಲಿ ಈಗ ಸರದಿಯ ಪಟ್ಟಿ ತೂಗುಹಾಕಿದ್ದಾರೆ, ಕೂರುವವರು ತಾವೇ ಬರೆಯಬೇಕು. ಹನ್ನೊಂದರ ಮುಂದೆ ಮಗಳು "ತಾಯಿ" ಎಂದು ಬರೆದಿದ್ದಳು. ಮೂರರ ಮುಂದೆ ಖಾಲಿ ಇತ್ತು. ನರ್ಸಮ್ಮನ ಪೆನ್ನು ಇಸಕೊಂಡು "ಅಜ್ಜಿ" ಎಂದು ಬರೆದೆ. ಬಹಳ ದಿನದ ಮೇಲೆ ಪೆನ್ನು ಹಿಡಿದವಳಂತೆ ಅಕ್ಷರ ಸೊಟ್ಟಗಾಯಿತು. ಹೊತ್ತಾಗಿತ್ತು, ಕೈ ತೊಳೆಯಲು ಹೋದೆ.